ಮಾಡಿನಿಂದ ಇಳಿಸಿದ ಎರಡು ಹಂಚು

ಅಧ್ಯಕ್ಷರೇ, ಗ್ರಂಥಾಲಯದ ಬಳಗದವರೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಹಿಂದಿನ ಸಾಲಿನಲ್ಲಿ ಕೂತಿರುವ ಇನ್ನೂ ಹಳೆಯ ವಿದ್ಯಾರ್ಥಿಗಳೇ,

ಮೇಜಿನ ಮೇಲೆ ಬೈರಾಸಿನಲ್ಲಿ ಸುತ್ತಿಟ್ಟದ್ದು ಏನು ಅಂತ ನೀವೆಲ್ಲ ಆಗಿನಿಂದ ನೋಡುತ್ತಿದ್ದೀರಿ. ಸನ್ಮಾನದ ಸ್ಮರಣಿಕೆ ಅಲ್ಲ, ಗಾಬರಿ ಬೇಡ. ನಾನೇ ಮನೆಯಿಂದ ಹೊತ್ತು ತಂದದ್ದು. ಎರಡು ಹಂಚು. ಬಸ್ಸಿನಲ್ಲಿ ಕಂಡಕ್ಟರ್ ಕೂಡ ಕೇಳಿದ, ‘ಮಾಷೆ, ಎಂದಾ ಇದ್?’ ಅಂತ. ‘ಒಂದನೇ ಮಹಾಯುದ್ಧ’ ಅಂದೆ. ಅವನು ಮತ್ತೆ ಮಾತಾಡಲಿಲ್ಲ. ಹಂಚಿನ ಕತೆಗೆ ಆಮೇಲೆ ಬರುತ್ತೇನೆ.

ಹತ್ತು ದಿನದ ಹಿಂದೆ ನವೆಂಬರ್ 1 ಆಯಿತು. ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ರಾಜ್ಯೋತ್ಸವ, ಈಚೆ ಕೇರಳದಲ್ಲಿ ಕೇರಳಪಿರವಿ, ಕಾಸರಗೋಡಿನ ಕನ್ನಡಿಗರಾದ ನಮಗೆ ಮಾತ್ರ ಏನು ಮಾಡಬೇಕು ಅಂತ ಗೊತ್ತಾಗದ ದಿನ. ಆದರೆ ಇವತ್ತು 11. 1918ರಲ್ಲಿ ಇದೇ ದಿನ, ಫ್ರಾನ್ಸಿನ ಕೊಂಪಿಯೇನ್ ಕಾಡಿನಲ್ಲಿ ನಿಂತಿದ್ದ ಒಂದು ರೈಲು ಡಬ್ಬಿಯೊಳಗೆ ಕದನವಿರಾಮಕ್ಕೆ ಸಹಿ ಬಿತ್ತು. ಬೆಳಗಿನ ಜಾವ ಸುಮಾರು ಐದು ಗಂಟೆ. ಜಾರಿಗೆ ಬಂದದ್ದು ಹನ್ನೊಂದು ಗಂಟೆಗೆ. ನಡುವೆ ಆರು ಗಂಟೆ ಇತ್ತು, ಅಲ್ವಾ? ಆ ಆರು ಗಂಟೆ ಗುಂಡು ಹಾರುತ್ತಲೇ ಇತ್ತು. ಆ ಒಂದೇ ದಿನ ಸತ್ತವರು 2,700ಕ್ಕಿಂತ ಹೆಚ್ಚು. ಅಮೆರಿಕದ ಒಬ್ಬ ಸೈನಿಕ ಹತ್ತು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ಸತ್ತ. ಒಂದು ನಿಮಿಷ ಬಾಕಿ ಇತ್ತು. ಸಹಿ ಆದ ಮೇಲೂ ಯಾಕೆ ಹೊಡೆದುಕೊಂಡರು? ಕಾಗದದಲ್ಲಿ ಹನ್ನೊಂದು ಗಂಟೆ ಅಂತ ಬರೆದಾಗಿತ್ತು. ಅಷ್ಟೇ.

ಈ ‘ಬರೆದಾಗಿತ್ತು’ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೂವತ್ತು ವರ್ಷ ನಾನು ಚರಿತ್ರೆ ಪಾಠ ಮಾಡಿದೆ. ಒಂದನೇ ಮಹಾಯುದ್ಧದ ಕಾರಣಗಳೇನು ಅಂತ ಕೇಳಿದರೆ ನೀವೆಲ್ಲ ಏನು ಬರೆಯುತ್ತಿದ್ದಿರಿ? ಗುಂಪುಗಾರಿಕೆ, ಶಸ್ತ್ರಾಸ್ತ್ರಗಳ ಪೈಪೋಟಿ, ಸಾಮ್ರಾಜ್ಯದಾಹ, ಉಗ್ರ ರಾಷ್ಟ್ರೀಯತೆ. ಕೊನೆಗೆ ಅಡಿಗೆರೆ ಹಾಕಿ, ‘ತಕ್ಷಣದ ಕಾರಣ: ಆಸ್ಟ್ರಿಯಾದ ಯುವರಾಜ ಫರ್ಡಿನೆಂಡನ ಕೊಲೆ’. ಐದರಲ್ಲಿ ಐದು ಮಾರ್ಕು. ಕೊಟ್ಟವನು ನಾನೇ. ಇವತ್ತು ಆ ಮಾರ್ಕು ವಾಪಸ್ ತೆಗೆದುಕೊಳ್ಳಲು ಬಂದಿದ್ದೇನೆ.

ಕೊಲೆಯಾದದ್ದು 1914ರ ಜೂನ್ 28, ಸರಾಯೆವೊದಲ್ಲಿ. ಬೆಳಿಗ್ಗೆಯೇ ಯುವರಾಜನ ಕಾರಿಗೆ ಒಬ್ಬ ಬಾಂಬ್ ಎಸೆದ, ತಪ್ಪಿಹೋಯಿತು. ಹಿಂದಿನ ಕಾರಿನವರಿಗೆ ಗಾಯವಾಯಿತು. ಯುವರಾಜ ಪುರಭವನಕ್ಕೆ ಹೋದ, ಭಾಷಣ ಕೇಳಿದ. ನಮ್ಮ ಹಾಗೆ ಭಾಷಣ ಅಂದರೆ ಯಾರೂ ಬಿಡುವುದಿಲ್ಲ. ಆಮೇಲೆ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋಗೋಣ ಅಂತ ದಾರಿ ಬದಲಿಸಿದರು. ಬದಲಿಸಿದ್ದನ್ನು ಡ್ರೈವರಿಗೆ ಹೇಳಲಿಲ್ಲ! ಅವನು ಮೊದಲಿನ ದಾರಿಯಲ್ಲೇ ತಿರುಗಿಸಿದ. ಹಿಂದಿನಿಂದ ಬೈದರು, ಅವನು ಬ್ರೇಕ್ ಹಾಕಿದ. ಕಾರು ನಿಂತದ್ದು ಗಾವ್ರಿಲೊ ಪ್ರಿನ್ಸಿಪ್ ಅನ್ನುವ ಹತ್ತೊಂಬತ್ತು ವರ್ಷದ ಹುಡುಗನ ಎದುರಿಗೆ. ಅವನು ಅಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ ನಿಂತಿದ್ದ ಅಂತ ಒಂದು ಕತೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಸುಳ್ಳು, ಮುಂದೆ ಕಳಿಸಬೇಡಿ.

ಸರಿ, ಯುವರಾಜ ಸತ್ತ, ಹೆಂಡತಿ ಸೋಫಿಯೂ ಸತ್ತಳು. ಮಾರನೇ ದಿನ ಯುದ್ಧ ಆಯಿತಾ? ಇಲ್ಲ. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆಗಸ್ಟ್ 4ಕ್ಕೆ. ಲೆಕ್ಕ ಹಾಕಿ. ಮೂವತ್ತೇಳು ದಿನ. ನಮ್ಮಲ್ಲಿ ಸತ್ತವರ ಬೊಜ್ಜ, ಅಂದರೆ ಉತ್ತರಕ್ರಿಯೆ ಮುಗಿಸಿ, ಆಸ್ತಿ ಜಗಳ ಶುರುಮಾಡಿ, ಪಂಚಾಯಿತಿ ಕೂಡಿಸಲು ಸಾಕಾಗುವಷ್ಟು ದಿನ. ಮೂವತ್ತೇಳು ದಿನ ಹಿಡಿದದ್ದನ್ನು ‘ತಕ್ಷಣ’ ಅನ್ನಬಹುದಾ ಮಾರಾಯ್ರೆ?

ಆ ದಿನಗಳಲ್ಲಿ ಏನು ನಡೆಯಿತು? ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಆಸ್ಟ್ರಿಯಾಕ್ಕೆ ‘ಏನು ಬೇಕಾದರೂ ಮಾಡು, ನಾನಿದ್ದೇನೆ’ ಅಂದು ನಾರ್ವೆ ಕಡೆಗೆ ಹಡಗು ಪ್ರವಾಸ ಹೋದ. ಆಸ್ಟ್ರಿಯಾ ಯೋಚಿಸಿ ಯೋಚಿಸಿ ಇಪ್ಪತ್ತೈದು ದಿನದ ಮೇಲೆ ಸರ್ಬಿಯಾಕ್ಕೆ ಗಡುವಿನ ಪತ್ರ ಕಳಿಸಿತು. ಉತ್ತರಕ್ಕೆ ನಲವತ್ತೆಂಟು ಗಂಟೆ. ಸರ್ಬಿಯಾ ಹೆಚ್ಚುಕಡಿಮೆ ಎಲ್ಲದಕ್ಕೂ ಒಪ್ಪಿತು. ಜುಲೈ 28ರ ಬೆಳಿಗ್ಗೆ ಕೈಸರ್ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಅನ್ನುವ ಅರ್ಥದಲ್ಲಿ ಅಂಚಿನಲ್ಲಿ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿತು. ಕಾರಣ ತೀರಿಹೋದ ಮೇಲೆ ಶುರುವಾದ ಯುದ್ಧ ಇದು!

ಇದು ಹೇಗೆ ಅಂತ ನಾನು ಮಕ್ಕಳಿಗೆ ಹೀಗೆ ಹೇಳುತ್ತಿದ್ದೆ. ಮದುವೆ ಮನೆ ಅಂತ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಹುಡುಗನ ಕಡೆಯವರಿಗೂ ಹುಡುಗಿಯ ಕಡೆಯವರಿಗೂ ಏನೋ ಮಾತು ಬಂತು. ಮದುವೆ ಬೇಡವೇ ಬೇಡ ಅಂತ ಇಬ್ಬರಿಗೂ ಒಳಗೊಳಗೆ ಅನಿಸಿದೆ. ಅಷ್ಟು ಹೊತ್ತಿಗೆ ಅಡಿಗೆ ಭಟ್ಟರು ಬಂದು, ‘ಎಂಟುನೂರು ಜನರ ಅಕ್ಕಿ ಹಾಕಿ ಆಗಿದೆ’ ಅನ್ನುತ್ತಾರೆ. ಮುಗಿಯಿತು. ಮದುವೆ ಆಗಲೇಬೇಕು.

ಯುರೋಪಿನಲ್ಲಿ ಆ ಅಡಿಗೆ ಭಟ್ಟರ ಕೆಲಸ ಮಾಡಿದವರು ಸೇನಾಪತಿಗಳು. ರಷ್ಯಾದ ದೊರೆ ಸೇನೆ ಕೂಡಿಸಲು ಆಜ್ಞೆ ಕೊಟ್ಟ, ಹಿಂದೆ ತೆಗೆದುಕೊಂಡ, ಮತ್ತೆ ಕೊಟ್ಟ. ಅವನೂ ಕೈಸರನೂ ಸಂಬಂಧಿಕರು, ಒಬ್ಬರಿಗೊಬ್ಬರು ಪ್ರೀತಿಯಿಂದ ತಂತಿ ಕಳಿಸಿಕೊಳ್ಳುತ್ತಲೇ ಇದ್ದರು. ಆಗಸ್ಟ್ 1ರ ಸಂಜೆ ಕೈಸರಿಗೆ ಒಂದು ಆಸೆ ಹುಟ್ಟಿತು, ಫ್ರಾನ್ಸಿನ ಮೇಲೆ ಹೋಗದಿದ್ದರೆ ಬ್ರಿಟನ್ ಸುಮ್ಮನಿರಬಹುದು ಅಂತ. ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಅಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗುವುದಿಲ್ಲ ಅಂದ. ಯಾಕೆ? ಯಾವ ರೈಲು ಎಷ್ಟು ಗಂಟೆಗೆ ಯಾವ ಸೇತುವೆ ದಾಟಬೇಕು ಅಂತ ವರ್ಷಗಟ್ಟಲೆ ಕೂತು ಬರೆದಾಗಿತ್ತು. ಸಾವಿರಾರು ರೈಲು. ಅಕ್ಕಿ ಹಾಕಿ ಆಗಿತ್ತು.

ಇದೇ ನನ್ನ ವಾದ. ಗುಂಪುಗಾರಿಕೆ ಇರಲಿಲ್ಲ ಅಂತಲ್ಲ. 1871ರಲ್ಲಿ ಜರ್ಮನಿ ಆಲ್ಸಾಸ್ ಕಿತ್ತುಕೊಂಡದ್ದು ಫ್ರಾನ್ಸಿಗೆ ಹೊಟ್ಟೆಯಲ್ಲಿ ಬೆಂಕಿಯಾಗಿತ್ತು. 1906ರಲ್ಲಿ ಬ್ರಿಟನ್ ಡ್ರೆಡ್‌ನಾಟ್ ಅನ್ನುವ ಭಾರೀ ಯುದ್ಧನೌಕೆ ಇಳಿಸಿದ ಮೇಲೆ ಜರ್ಮನಿಗೂ ಅದೇ ಬೇಕಾಯಿತು. ಅದೆಲ್ಲ ಸರಿ. ಆದರೆ ಅದೆಲ್ಲ ಸೌದೆ. ಸೌದೆ ಇದ್ದ ಮಾತ್ರಕ್ಕೆ ಅನ್ನ ಬೇಯುವುದಿಲ್ಲ. ಬೇಡ ಅನ್ನುವ ಧೈರ್ಯ ಯಾರಿಗೂ ಬರದ ಹಾಗೆ ಮೊದಲೇ ಏರ್ಪಾಡು ಮಾಡಿ ಇಟ್ಟಿದ್ದರಲ್ಲ, ಕಾರಣ ಅಂದರೆ ಅದು.

ನಮ್ಮನ್ನು ಯಾರು ಕೇಳಿದರು? ವೈಸರಾಯ್ ಹಾರ್ಡಿಂಜ್ ಇಡೀ ಭಾರತವೂ ಯುದ್ಧದಲ್ಲಿದೆ ಅಂತ ಹೇಳಿಬಿಟ್ಟ. ಆಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಚಂದ್ರಗಿರಿ ಹೊಳೆಯ ದಡದಲ್ಲಿ ಅಡಿಕೆ ಒಣಗಿಸುತ್ತಿದ್ದ ನನ್ನ ಅಜ್ಜ ಜರ್ಮನಿಯ ಶತ್ರು ಆದ. ಅವನಿಗೆ ಗೊತ್ತೇ ಇರಲಿಲ್ಲ.

ಈಗ ಹಂಚು.

ಹೋದ ಮೇ ತಿಂಗಳಲ್ಲಿ ಬದಿಯಡ್ಕದ ಕಡೆಗಿರುವ ನಮ್ಮ ಹಳೆಮನೆಯ ಮಾಡು ರಿಪೇರಿಗೆ ಬಂತು. ನಮ್ಮ ಹಳೇ ಮನೆಗಳ ಮಾಡು ಅಂದರೆ ನಿಮಗೆ ಗೊತ್ತಲ್ಲ. ಒಂದು ಕಡೆ ಸೋರುತ್ತದೆ ಅಂತ ಹತ್ತಿದರೆ ಇಳಿಯುವಷ್ಟರಲ್ಲಿ ಇನ್ನು ನಾಲ್ಕು ಕಡೆ ಸೋರುತ್ತದೆ. ಪಕ್ಕಾಸುಗಳಲ್ಲಿ ಅರ್ಧಕ್ಕರ್ಧ ಗೆದ್ದಲು. ರೀಪು ಮುಟ್ಟಿದರೆ ಪುಡಿ. ಎಲ್ಲ ಹಂಚು ಇಳಿಸಿಯೇ ಆಗಬೇಕು ಅಂದರು. ನನ್ನ ಮಗ ಬೆಂಗಳೂರಿನಿಂದ ಫೋನಿನಲ್ಲಿ, ‘ಅಪ್ಪ, ಶೀಟ್ ಹಾಕಿಸಿಬಿಡಿ’ ಅಂದ. ಅವನೊಡನೆ ಎರಡು ದಿನ ಮಾತು ಬಿಟ್ಟೆ.

ಕೆಲಸಕ್ಕೆ ಬಂದವರು ಇಬ್ಬರು, ಅಪ್ಪ ಮತ್ತು ಮಗ. ಮಗ ಮೇಲಿನಿಂದ ಕೊಡುವುದು, ಅಪ್ಪ ಕೆಳಗೆ ಹಿಡಿದು ಸಾಲಾಗಿ ಇಡುವುದು. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪ ನನ್ನನ್ನು ಕರೆದ. ‘ಮಾಷ್ಟ್ರೇ, ನಿಮ್ಮ ಮಾಡಿನಲ್ಲಿ ಎರಡು ಜಾತಿ ಉಂಟು’ ಅಂದ. ನನಗೆ ಅರ್ಥವಾಗಲಿಲ್ಲ. ಅವನು ಒಂದು ಹಂಚನ್ನು ಕವುಚಿ ಹಾಕಿ, ಹೆಗಲ ಮೇಲಿನ ತುಂಡು ಬಟ್ಟೆ ಒದ್ದೆ ಮಾಡಿ, ನೂರು ವರ್ಷದ ಮಸಿ ಒರೆಸಿದ. ಇಂಗ್ಲಿಷ್ ಅಕ್ಷರ ಎದ್ದು ಬಂತು. ಬಾಸೆಲ್ ಮಿಷನ್. ಇನ್ನೊಂದನ್ನು ಕವುಚಿದ. ಅದರಲ್ಲಿ ಬೇರೆ ಹೆಸರು. ಕಾಮನ್‌ವೆಲ್ತ್. ಅಳತೆ ಒಂದೇ, ಬಣ್ಣ ಒಂದೇ, ಒಂದಕ್ಕೊಂದು ಕೊಂಡಿ ಸರಿಯಾಗಿ ಕೂರುತ್ತದೆ. ಎದುರಿನ ಚಾವಡಿಯ ಮೇಲಿದ್ದದ್ದು ಪೂರ್ತಿ ಬಾಸೆಲ್. ಹಿಂದಿನ ಅಡಿಗೆಕೋಣೆ ಕಡೆಯದ್ದು ಕಾಮನ್‌ವೆಲ್ತ್.

ಮೊದಲಿಗೆ ನಾನೂ ಎರಡು ಕಂಪೆನಿ ಅಂದುಕೊಂಡೆ. ಆಮೇಲೆ ಹೊಳೆಯಿತು. ಅಜ್ಜ ಮುಳಿಹುಲ್ಲಿನ ಮಾಡು ತೆಗೆದು ಚಾವಡಿಗೆ ಹಂಚು ಹಾಕಿಸಿದ್ದು ಯುದ್ಧಕ್ಕೆ ಮೊದಲು. ಅಡಿಗೆಕೋಣೆ ಕಟ್ಟಿಸಿದ್ದು ಅಪ್ಪ ಹುಟ್ಟಿದ ಮೇಲೆ, ಅಂದರೆ ಯುದ್ಧ ಮುಗಿದು ಕೆಲವು ವರ್ಷಕ್ಕೆ. ನಡುವೆ ಆದದ್ದು ಇಷ್ಟು. ಬಾಸೆಲ್ ಮಿಷನ್ನಿನವರು 1834ರಿಂದ ಮಂಗಳೂರಿನಲ್ಲಿ ಇದ್ದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದವರು. 1865ರಲ್ಲಿ ಜಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದವರು. ನೇಯ್ಗೆ, ಮುದ್ರಣ, ಶಾಲೆ, ಎಲ್ಲ ಇತ್ತು. ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ, ಯುದ್ಧಕ್ಕೇ ಸೇರದ ದೇಶದಲ್ಲಿ. ಆದರೆ ಇಲ್ಲಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನರು. ಆಗಸ್ಟ್ 1914ರ ತನಕ ಅವರು ಪಾದ್ರಿಗಳು, ಮಾಷ್ಟ್ರುಗಳು, ಹಂಚಿನ ಸಾಹೇಬರುಗಳು. ಆಮೇಲೆ ಶತ್ರುಗಳು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆ ಶತ್ರುವಿನ ಆಸ್ತಿ ಅಂತ ಸರಕಾರದ ಕೈಗೆ ಹೋಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪೆನಿಗೆ ಸೇರಿತು. ಅದೇ ನೇತ್ರಾವತಿಯ ಜೇಡಿಮಣ್ಣು, ಅದೇ ಗೂಡು, ಅದೇ ನಮ್ಮ ಊರಿನ ಕೆಲಸಗಾರರು. ಅಚ್ಚಿನಲ್ಲಿ ಹೆಸರು ಮಾತ್ರ ಬದಲು.

ಕಿಟೆಲ್ ಕೂಡ ಇದೇ ಮಿಷನ್ನಿನವರು. 1894ರಲ್ಲಿ ನಮಗೆ ನಿಘಂಟು ಕೊಟ್ಟು, 1903ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಇನ್ನು ಹನ್ನೊಂದು ವರ್ಷ ಬದುಕಿದ್ದರೆ ‘ಶತ್ರು’ ಅನ್ನುವ ಕನ್ನಡ ಶಬ್ದಕ್ಕೆ ಅರ್ಥ ಬರೆದವರೇ ಶತ್ರು ಆಗುತ್ತಿದ್ದರು.

ಒಂದು ಜಗತ್ತಿನ ಯುದ್ಧ ಒಂದು ಹಳ್ಳಿಗೆ ಹೇಗೆ ಬರುತ್ತದೆ ಅಂದರೆ ಹೀಗೆ. ನಮ್ಮ ಚಾವಡಿಗೂ ಅಡಿಗೆಕೋಣೆಗೂ ನಡುವೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲಿನಲ್ಲಿ ಯುದ್ಧ ನಡೆದುಹೋಗಿದೆ. ಅರವತ್ತು ವರ್ಷ ಅದರ ಕೆಳಗೆ ಗಂಜಿ ಉಂಡ ನನಗೆ, ಅದೂ ಚರಿತ್ರೆ ಮಾಷ್ಟ್ರಿಗೆ, ತಲೆ ಎತ್ತಿ ನೋಡಿದರೂ ಕಾಣಲಿಲ್ಲ. ಅಕ್ಷರ ಇರುವುದು ಅಡಿಯ ಮಗ್ಗುಲಲ್ಲೇ, ಆದರೆ ಮಸಿ ಹಿಡಿದಿತ್ತು.

ಅಧ್ಯಕ್ಷರು ಗಡಿಯಾರ ನೋಡಿದರು. ನಾನೂ ನೋಡಿದೆ. ಇನ್ನೂ ಎಮ್ಡನ್ ಬಾಕಿ ಇದೆ, ಅದನ್ನು ಬಿಡಲಾರೆ.

ಎಮ್ಡನ್ ಜರ್ಮನಿಯ ಒಂದು ಯುದ್ಧನೌಕೆ. ಕ್ಯಾಪ್ಟನ್ ಕಾರ್ಲ್ ಫಾನ್ ಮುಲ್ಲರ್. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎದುರಿಗೆ ಬಂದು ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ಟ್ಯಾಂಕುಗಳು ಹೊತ್ತಿ ಉರಿದವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಸಿ ಹೊರಟುಹೋಯಿತು. ಸತ್ತವರು ಕೆಲವೇ ಮಂದಿ, ಆದರೆ ಸಾವಿರಾರು ಜನ ಊರು ಬಿಟ್ಟು ಓಡಿದರು. ಹೈಕೋರ್ಟಿನ ಗೋಡೆಯ ಹತ್ತಿರ ಇವತ್ತಿಗೂ ಅದರ ನೆನಪಿನ ಕಲ್ಲು ಇದೆ. ನವೆಂಬರ್ 9ಕ್ಕೆ ಕೊಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ‘ಸಿಡ್ನಿ’ ನೌಕೆ ಅದನ್ನು ಹೊಡೆದು ಕೆಡವಿತು. ಹಡಗು ಹೋಯಿತು, ಶಬ್ದ ಉಳಿಯಿತು. ತಮಿಳಿನಲ್ಲಿ ಚಾಲಾಕಿ ಮನುಷ್ಯನಿಗೆ ‘ಎಮ್ಡನ್’ ಅಂತಾರೆ. ನಮ್ಮ ಮಲೆಯಾಳಿ ನೆರೆಯವರು ದೊಡ್ಡ ಹಲಸಿನಹಣ್ಣು ಕಂಡರೆ ‘ಯಮಂಡನ್ ಚಕ್ಕ’ ಅಂತಾರಲ್ಲ, ಅದೂ ಈ ಹಡಗಿನಿಂದಲೇ ಬಂದದ್ದು ಅಂತಾರೆ. ನಮ್ಮ ಅತ್ತೆ ಮಾತ್ರ ಕೊನೆಯ ತನಕ ಒಪ್ಪಲಿಲ್ಲ. ಅದು ಯಮನಿಂದ ಬಂದ ಶಬ್ದ ಅಂತ ಅವರ ವಾದ. ಅರ್ಥದ ಮಟ್ಟಿಗೆ ಅವರದ್ದೂ ತಪ್ಪಲ್ಲ.

ಅಜ್ಜಿಗೆ ನೆನಪಿದ್ದದ್ದು ಎಮ್ಡನ್ ಅಲ್ಲ, ಚಿಮಿಣಿ ಎಣ್ಣೆ. ಚಿಮಿಣಿ ಎಣ್ಣೆ, ಉಪ್ಪು, ಬಟ್ಟೆ, ಅಕ್ಕಿ, ಎಲ್ಲದರ ಬೆಲೆ ಏರಿತು. 1918ರಲ್ಲಿ ಮಳೆಯೂ ಕೈಕೊಟ್ಟಿತು. ಮದ್ರಾಸು ಪ್ರಾಂತ್ಯದಲ್ಲಿ ಹಲವು ಕಡೆ ಜನ ಅಕ್ಕಿ ಅಂಗಡಿಗಳಿಗೇ ನುಗ್ಗಿದರು. ಅದೇ ವರ್ಷ ಇನ್‌ಫ್ಲುಯೆಂಜಾ ಬಂತು. ಸೈನಿಕರ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲು ಹತ್ತಿ ಎಲ್ಲ ಕಡೆಗೆ. ನಮ್ಮ ಕರಾವಳಿಗೆ ರೈಲು ಬಂದು ಆಗಲೇ ಹತ್ತು ವರ್ಷ ದಾಟಿತ್ತು. ಅದಕ್ಕೆ ಸ್ಪ್ಯಾನಿಷ್ ಜ್ವರ ಅಂತ ಹೆಸರು. ಪಾಪ, ಸ್ಪೇನಿನದ್ದು ಏನೂ ತಪ್ಪಿಲ್ಲ. ಯುದ್ಧದಲ್ಲಿದ್ದ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದವು. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಅಲ್ಲಿನ ಪತ್ರಿಕೆಗಳು ಇದ್ದದ್ದನ್ನು ಬರೆದವು, ಹೆಸರು ಅವರಿಗೆ ಅಂಟಿತು. ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು 74,000. ಜ್ವರದಲ್ಲಿ ಸತ್ತ ಭಾರತೀಯರು ಒಂದು ಕೋಟಿಗೂ ಹೆಚ್ಚು. ಈ ದೇಶದ ಜನಗಣತಿಯಲ್ಲಿ ಹತ್ತು ವರ್ಷಕ್ಕೆ ಜನಸಂಖ್ಯೆ ಕಡಿಮೆಯಾದದ್ದು ಒಂದೇ ಸಲ, 1911ರಿಂದ 1921ರ ನಡುವೆ. ಅಜ್ಜಿಯ ತಂಗಿಯರಿಬ್ಬರು ಒಂದೇ ವಾರದಲ್ಲಿ ಹೋದರು. ಅಜ್ಜಿ ಅದನ್ನು ಹೇಳುವಾಗ ಯುದ್ಧದ ಹೆಸರೇ ಎತ್ತುತ್ತಿರಲಿಲ್ಲ. ‘ಜ್ವರದ ವರ್ಷ’ ಅನ್ನುತ್ತಿದ್ದಳು. ಎರಡೂ ಒಂದೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಇದೆ. ಕೆಳಗೆ ‘ಚಾ ತಣಿಯುತ್ತಿದೆ’ ಅಂತಲೂ ಇದೆ. ನಾನು ಬರೆದುಕೊಂಡು ಬಂದದ್ದು ಹನ್ನೆರಡು ಅಂಶ, ಇದು ನಾಲ್ಕನೆಯದು. ರಷ್ಯಾದ ಕ್ರಾಂತಿ ಬಿಟ್ಟೆ. ರಾಷ್ಟ್ರಸಂಘ ಬಿಟ್ಟೆ, ಅದು ಇದ್ದಾಗಲೂ ಯಾರೂ ಹಿಡಿದುಕೊಳ್ಳಲಿಲ್ಲ. ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು ಅರಸರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕುದುರೆ ಓಡಿಸಿದ್ದು ನಿಮಗೆ ಗೊತ್ತೇ ಇದೆ, 1918ರ ಸೆಪ್ಟೆಂಬರ್ 23. ಯುದ್ಧದಲ್ಲಿ ಸಹಾಯ ಮಾಡಿದರೆ ಸ್ವರಾಜ್ಯ ಸಿಗಬಹುದು ಅಂತ ಕಾದವರಿಗೆ 1919ರಲ್ಲಿ ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ರೌಲತ್ ಕಾಯಿದೆ ಸಿಕ್ಕಿತು, ಮರುತಿಂಗಳು ಜಲಿಯನ್‌ವಾಲಾ ಬಾಗ್. ಅದು ಬೇರೆಯೇ ಒಂದು ಸಂಜೆಯ ಮಾತು.

ಆದರೆ ಗೆರೆಯ ವಿಷಯ ಹೇಳದೆ ಇಳಿಯುವುದಿಲ್ಲ. ಕಾಸರಗೋಡಿನಲ್ಲಿ ನಿಂತು ಗೆರೆಯ ಮಾತಾಡದಿದ್ದರೆ ಹೇಗೆ?

1915ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮಾರ್ಕ್ ಸೈಕ್ಸ್ ಅನ್ನುವವನು ಮಂತ್ರಿಗಳ ಎದುರಿಗೆ ಪಶ್ಚಿಮ ಏಷ್ಯಾದ ಭೂಪಟ ಹರಡಿದ. ತುರ್ಕರ ಸಾಮ್ರಾಜ್ಯ ಇನ್ನೂ ಬಿದ್ದಿರಲಿಲ್ಲ, ಬ್ರಿಟನ್ನಿಗೂ ಫ್ರಾನ್ಸಿಗೂ ನಡುವೆ ಪಾಲು ಮಾತ್ರ ಶುರುವಾಗಿತ್ತು. ಗೆರೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ಅವನು ಏನಂದ ಗೊತ್ತಾ? ಏಕರ್ ಅನ್ನುವ ಊರಿನ ಹೆಸರಿನ ಕೊನೆಯ ಅಕ್ಷರದಿಂದ ಕಿರ್ಕುಕ್ ಅನ್ನುವ ಹೆಸರಿನ ಕೊನೆಯ ಅಕ್ಷರದವರೆಗೆ. ಊರಿನಿಂದ ಊರಿಗೆ ಅಲ್ಲ, ಅಕ್ಷರದಿಂದ ಅಕ್ಷರಕ್ಕೆ! ಭೂಪಟ ಅಚ್ಚು ಹಾಕಿದವನು ಹೆಸರನ್ನು ಒಂದು ಬೆರಳು ಆಚೆ ಹಾಕಿದ್ದರೆ ದೇಶವೇ ಬೇರೆಯಾಗುತ್ತಿತ್ತು. ನಮ್ಮ ಗೆರೆ ಹಾಕಿದವರು ಒಂದು ಆಯೋಗವನ್ನಾದರೂ ಕಳಿಸಿದ್ದರು. 1967ರಲ್ಲಿ ಮಹಾಜನ್ ವರದಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಲಿ ಅಂತ ಹೇಳಿತು. ಅದು ಎಲ್ಲಿ ಮಲಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ದುಃಖವನ್ನೂ ಇರಾಕಿನವರ ದುಃಖವನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ನಮ್ಮಲ್ಲಿ ಗೆರೆ ದಾಟಲು ಬಸ್ ಟಿಕೆಟ್ ಸಾಕು.

1922ರಲ್ಲಿ ಉಕೈರ್ ಅನ್ನುವ ಕಡೆ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಇರಾಕ್, ಕುವೈತ್, ಇಬ್ನ್ ಸೌದನ ನಾಡು ಅಂದರೆ ಈಗಿನ ಸೌದಿ ಅರೇಬಿಯಾ, ಈ ಮೂರರ ನಡುವೆ ಗೆರೆ ಎಳೆದ. ಆ ಗೆರೆಯನ್ನು ಇರಾಕ್ ಮನಸ್ಸಿನಲ್ಲಿ ಒಪ್ಪಲೇ ಇಲ್ಲ. 1990ರ ಆಗಸ್ಟ್ 2ಕ್ಕೆ ಸದ್ದಾಮನ ಸೇನೆ ಅದನ್ನು ದಾಟಿತು. ಅವನಿಗೆ ಸಾಲದ ಕಾರಣ ಇತ್ತು, ಎಣ್ಣೆಯ ಕಾರಣ ಇತ್ತು, ಅದೂ ನಿಜ. ಆದರೆ ಬಾಯಲ್ಲಿ ಹೇಳಿಕೊಳ್ಳಲು ಆ ಹಳೇ ಗೆರೆ ಇತ್ತು. ಕುವೈತಿನಿಂದ ಅಮ್ಮಾನ್ ಮೂಲಕ ನಮ್ಮ ಸರಕಾರ ವಿಮಾನದಲ್ಲಿ ಕರೆತಂದದ್ದು ಸುಮಾರು 1,70,000 ಜನರನ್ನು. ಅದರಲ್ಲಿ ನಮ್ಮ ಆಚೆಮನೆಯ ಹುಡುಗನೂ ಒಬ್ಬ. ಒಂದು ಚೀಲ ಮಾತ್ರ ಹಿಡಿದು ಬಂದ. ಅವನು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಕೆಂಪುಕಲ್ಲಿನ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ದುಡ್ಡು ನಿಂತಿತು, ಗೋಡೆಯೂ ಅಲ್ಲೇ ನಿಂತಿತು. ನಾಲ್ಕು ಮಳೆಗಾಲ ಆ ಗೋಡೆಗೆ ಪಾಚಿ ಹಿಡಿದು, ಕಿಟಕಿ ಬರಬೇಕಾದ ಜಾಗದಲ್ಲಿ ಕೆಸುವಿನ ಗಿಡ ಹುಟ್ಟಿತು. ನಾನು ಶಾಲೆಗೆ ಹೋಗುವ ದಾರಿ ಅದೇ. ದಿನಾ ಆ ಗೋಡೆಯ ಪಕ್ಕ ನಡೆದು ಹೋಗಿ, ತರಗತಿಯಲ್ಲಿ ‘ಒಂದನೇ ಮಹಾಯುದ್ಧ 1918ರಲ್ಲಿ ಮುಗಿಯಿತು’ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ!

ಹೌದು, ಎದ್ದೆ ಅಧ್ಯಕ್ಷರೇ, ಎದ್ದೇ ನಿಂತಿದ್ದೇನೆ.

ಒಂದೇ ಲೆಕ್ಕ. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28. ಸರಾಯೆವೊದ ಗುಂಡಿಗೆ ಸರಿಯಾಗಿ ಐದು ವರ್ಷ. ತಪ್ಪೆಲ್ಲ ಜರ್ಮನಿಯದ್ದು ಅಂತ ಬರೆಸಿಕೊಂಡರು, 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕು ದಂಡ ಹಾಕಿದರು. ಆ ಸಿಟ್ಟಿನಲ್ಲಿ ಯಾರು ಮೇಲೆ ಬಂದ ಅಂತ ಹೇಳಬೇಕಾಗಿಲ್ಲ. 1940ರಲ್ಲಿ ಅವನು ಫ್ರಾನ್ಸನ್ನು ಗೆದ್ದಾಗ, ಕೊಂಪಿಯೇನ್ ಕಾಡಿನ ಅದೇ ರೈಲು ಡಬ್ಬಿಯನ್ನು ಮ್ಯೂಸಿಯಮ್ಮಿನಿಂದ ಹೊರಗೆ ತರಿಸಿ ಅದರೊಳಗೇ ಸಹಿ ಹಾಕಿಸಿಕೊಂಡ. ದಂಡ ಕಟ್ಟಲು ಮಾಡಿದ ಸಾಲದ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ಕಟ್ಟಿದ್ದು ಯಾವಾಗ ಅಂತ ಯಾರಾದರೂ ಹೇಳುತ್ತೀರಾ? ಹಿಂದಿನ ಸಾಲು? 2010ರ ಅಕ್ಟೋಬರ್ 3. ಈ ಮಕ್ಕಳಲ್ಲಿ ಕೆಲವರು ಆಗಲೇ ಹುಟ್ಟಿದ್ದರು.

ಹಂಚು ಬಿಚ್ಚಿಡುತ್ತೇನೆ. ಚಾ ಕುಡಿಯುತ್ತಾ ಒಬ್ಬೊಬ್ಬರಾಗಿ ಬಂದು ಕವುಚಿ ನೋಡಿ. ಗೋಳಿಬಜೆ ತಿಂದ ಕೈಯಲ್ಲಿ ಮುಟ್ಟಬೇಡಿ, ಜಾರುತ್ತದೆ. ಫೋಟೋ ತೆಗೆಯುವವರು ಬೇಗ ತೆಗೆಯಿರಿ. ಮಾಡಿನಲ್ಲಿ ಎರಡು ಹಂಚಿನ ಜಾಗ ಖಾಲಿ ಬಿಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿ ಬಂದಿದ್ದೇನೆ. ಪಡುವಣದಲ್ಲಿ ಗುಡುಗು ಶುರುವಾಗಿದೆ, ಕೊನೆಯ ಬಸ್ಸು ಏಳು ಇಪ್ಪತ್ತಕ್ಕೆ.